ಟೈಮಿಂಗ್ ಚೈನ್ ಸದ್ದು ನಿಂತಿತು, ಸರಿ. ಯಾಕೆ ನಿಂತಿತು?

ಹಳೇ ಜಪಾನೀ ಗಾಡಿ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ಆ ಆಟೋಮ್ಯಾಟಿಕ್ ಟೆನ್ಷನರ್ ಕಿತ್ತುಹಾಕಿ, ಒಂದು ಮ್ಯಾನ್ಯುಯಲ್ ಕೂರಿಸಿಬಿಡಿ, ಆಮೇಲೆ ತಲೆನೋವೇ ಇರಲ್ಲ." ಟೆನ್ಷನರ್ ಅಂದರೆ ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲವಾಗದಂತೆ ಒತ್ತಿ ಹಿಡಿಯುವ ಸಾಮಾನು; ಆಟೋಮ್ಯಾಟಿಕ್ ತಾನೇ ಹೊಂದಿಕೊಳ್ಳುತ್ತದೆ, ಮ್ಯಾನ್ಯುಯಲನ್ನು ಬೋಲ್ಟ್ ತಿರುಗಿಸಿ ಕೈಯಿಂದ ಹೊಂದಿಸಬೇಕು. ಹೇಳುವವರು ಒಳ್ಳೇ ಮನಸ್ಸಿನಿಂದಲೇ ಹೇಳುತ್ತಾರೆ. ಕೆಲವು ಗಾಡಿಗಳಿಗೆ ಆ ಮಾತು ಸರಿ ಕೂಡ. ಆದರೆ ಎಲ್ಲ ಗಾಡಿಗೂ ಇದೇ ಮದ್ದು ಅಂತ ಹಂಚುವುದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ, ಯಾಕೆಂದರೆ ಹೀಗೆ ಮ್ಯಾನ್ಯುಯಲ್ ಹಾಕಿ, ಸದ್ದು ನಿಲ್ಲುವವರೆಗೂ ಬೋಲ್ಟ್ ತಿರುಗಿಸಿ, ಸದ್ದು ನಿಂತಿತಲ್ಲ ಅಂತ ಖುಷಿಯಾಗಿ ಓಡಿಸಿದ ಎಂಜಿನ್ ಬಿಚ್ಚಿದಾಗ ಒಳಗೆ ಏನಿರುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ ಗ್ಯಾರೇಜಿನಲ್ಲಿ 1978ರ ಯಮಹಾ ಎಕ್ಸ್‌ಎಸ್650 ಇದೆ. ಮೈಸೂರಿನ ಮನೆಯಲ್ಲಿ ಅಪ್ಪನ ಹೀರೋ ಹೋಂಡಾ ಸಿಡಿ100 ಇದೆ, ಈಗಲೂ ಓಡುತ್ತದೆ. ಒಂದರಲ್ಲಿ ಕೈಯಿಂದ ಹೊಂದಿಸುವ ಟೆನ್ಷನರ್, ಇನ್ನೊಂದರಲ್ಲಿ ತಾನೇ ಹೊಂದಿಕೊಳ್ಳುವುದು. ಎರಡನ್ನೂ ಬಿಚ್ಚಿ ಹಾಕಿ ಮಾಡಿದ್ದೇನೆ.

ನಮ್ಮ ಕಡೆಯವರಿಗೆ ಮೊದಲು ಒಂದು ವಿಷಯ ಹೇಳಬೇಕು. ಹಳೇ ಗಾಡಿ ಅಂದ ಕೂಡಲೇ ನಮಗೆ ನೆನಪಾಗುವ ಗಾಡಿಗಳಲ್ಲಿ ಈ ಚೈನೇ ಇಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಆರ್‌ಎಕ್ಸ್100 ಟೂ ಸ್ಟ್ರೋಕ್. ರಾಜ್‌ದೂತ್ ಕೂಡ ಅದೇ. ಅವುಗಳ ಹೆಡ್‌ನಲ್ಲಿ ವಾಲ್ವೇ ಇಲ್ಲ, ಇನ್ನು ವಾಲ್ವ್ ತೆರೆಯುವ ಕ್ಯಾಮ್ ಯಾಕೆ, ಅದನ್ನು ತಿರುಗಿಸುವ ಚೈನ್ ಯಾಕೆ? ಬುಲೆಟ್ ಫೋರ್ ಸ್ಟ್ರೋಕ್ ಹೌದು, ಆದರೆ ಹಳೇ ಬುಲೆಟ್ಟಿನ ಕ್ಯಾಮ್ ಕೆಳಗೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಪಕ್ಕದಲ್ಲೇ ಕೂತು ಗೇರ್‌ಗಳಿಂದ ತಿರುಗುತ್ತದೆ, ಅಲ್ಲಿಂದ ಮೇಲಕ್ಕೆ ವಾಲ್ವ್ ಒತ್ತುವ ಪುಶ್ ರಾಡ್. (ಬುಲೆಟ್‌ನಲ್ಲಿ "ಚೈನ್ ಟೈಟ್ ಮಾಡಿಸಿದೆ" ಅಂದರೆ ಪ್ರೈಮರಿ ಚೈನು, ಇಲ್ಲಾ ಹಿಂದಿನ ಚಕ್ರದ ಚೈನು. ಅದು ಬೇರೆ ವಿಷಯ.) ನಮ್ಮ ರಸ್ತೆಗಳಲ್ಲಿ ಟೈಮಿಂಗ್ ಚೈನ್ ಅನ್ನುವುದು ಮನೆಮಾತಾಗಿದ್ದು 1985ರಲ್ಲಿ ಸಿಡಿ100 ಬಂದ ಮೇಲೆ. ಇಂಗ್ಲಿಷಿನವರು ಕ್ಯಾಮ್ ಚೈನ್ ಅನ್ನುವುದನ್ನೇ ನಮ್ಮ ಮೆಕ್ಯಾನಿಕ್‌ಗಳು ಟೈಮಿಂಗ್ ಚೈನ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಈಗ ಒಳಗಿನ ಕೆಲಸಕ್ಕೆ ಬರೋಣ. ಕ್ರ್ಯಾಂಕ್ ಕೆಳಗೆ, ಕ್ಯಾಮ್ ಮೇಲೆ, ನಡುವೆ ಚೈನ್. ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ಕ್ಯಾಮ್ ಒಂದು ಸುತ್ತು. ಸಿಲಿಂಡರ್ ನಿಂತಿರುವ ಈ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಗಾಡಿಯ ಚಕ್ರದ ದಿಕ್ಕಿಗೇ ತಿರುಗುತ್ತದೆ, ಹಾಗಾಗಿ ಚೈನಿನ ಮುಂದಿನ ಎಳೆಯನ್ನು ಕೆಳಕ್ಕೆ ಎಳೆಯುತ್ತದೆ. ಮುಂದಿನ ಎಳೆ ಬಿಗಿ, ಹಿಂದಿನ ಎಳೆ ಸಡಿಲ. ಟೆನ್ಷನರ್ ಸಿಲಿಂಡರಿನ ಹಿಂದೆ, ಕಾರ್ಬುರೇಟರ್ ಕೆಳಗೆ, ಕೈ ಹೋಗದ ಜಾಗದಲ್ಲಿ ಇರುವುದು ಅದಕ್ಕೇ.

ಓಡುತ್ತಾ ಓಡುತ್ತಾ ಚೈನ್ ಉದ್ದ ಆಗುತ್ತದೆ. ಎಳೆದುಕೊಂಡಿದೆ ಅಂತೀವಿ, ಆದರೆ ಕಬ್ಬಿಣ ರಬ್ಬರಿನ ಹಾಗೆ ಎಳೆದುಕೊಂಡಿಲ್ಲ. ಪ್ರತಿ ಕೊಂಡಿಯ ಪಿನ್ನು, ಬುಷ್ಷು ಒಂದಿಷ್ಟಿಷ್ಟು ಸವೆದು, ನೂರರ ಆಸುಪಾಸು ಕೊಂಡಿಗಳ ಸವೆತ ಎಲ್ಲ ಸೇರಿ ಮಿಲಿಮೀಟರ್ ಲೆಕ್ಕಕ್ಕೆ ಬಂದಿರುತ್ತದೆ. ಆ ಸಡಿಲವನ್ನು ತೆಗೆದುಕೊಳ್ಳುವುದೇ ಟೆನ್ಷನರ್ ಕೆಲಸ.

ಹಾಗಿದ್ದರೆ ಒಂದು ಸ್ಪ್ರಿಂಗ್ ಇಟ್ಟರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಕ್ಯಾಮ್‌ನ ಮೂಗು ವಾಲ್ವನ್ನು ಒತ್ತಿ, ತುದಿ ದಾಟಿದ ಮೇಲೆ, ವಾಲ್ವ್ ಸ್ಪ್ರಿಂಗ್ ತಿರುಗಿ ಕ್ಯಾಮನ್ನೇ ಮುಂದಕ್ಕೆ ತಳ್ಳುತ್ತದೆ. ಆ ಕ್ಷಣಕ್ಕೆ ಮುಂದಿನ ಎಳೆ ಸಡಿಲವಾಗಿ ಹಿಂದಿನ ಎಳೆ ಬಿಗಿಯಾಗುತ್ತದೆ, ಟೆನ್ಷನರನ್ನು ಹಿಂದಕ್ಕೆ ನೂಕುತ್ತದೆ. ನಿಮಿಷಕ್ಕೆ ಸಾವಿರಾರು ಸಲ. ಮೆತ್ತನೆ ಸ್ಪ್ರಿಂಗ್ ಆದರೆ ಕುಣಿಯುತ್ತದೆ, ಚೈನ್ ಚಾವಟಿಯಂತೆ ಹೊಡೆಯುತ್ತದೆ. ಹಾಗಂತ ತುಂಬಾ ಗಟ್ಟಿ ಸ್ಪ್ರಿಂಗ್ ಇಟ್ಟರೆ ಚೈನು, ಚೈನ್ ಉಜ್ಜಿಕೊಂಡು ಜಾರುವ ಪಟ್ಟಿಯಾದ ಗೈಡು, ಎರಡೂ ಬೇಗ ಸವೆಯುತ್ತವೆ. ಅಂದರೆ ಮುಂದಕ್ಕೆ ಹಗುರವಾಗಿ ಹೋಗಬೇಕು, ಹಿಂದಕ್ಕೆ ಬರಬಾರದು. ಹಿಂದಕ್ಕೆ ಬರದಂತೆ ತಡೆಯುವುದು ಯಾರು ಅನ್ನುವುದರಲ್ಲೇ ಮ್ಯಾನ್ಯುಯಲ್, ಆಟೋಮ್ಯಾಟಿಕ್ ವ್ಯತ್ಯಾಸ ಇರುವುದು. ಒಂದರಲ್ಲಿ ನೀವು ಬಿಗಿದ ಬೋಲ್ಟು, ಇನ್ನೊಂದರಲ್ಲಿ ಒಳಗಿನ ಹಲ್ಲೋ, ಬೆಣೆಯೋ, ಸ್ಕ್ರೂವೋ, ಆಯಿಲ್ ಒತ್ತಡವೋ.

ಜನ ಎಡವುವುದು ಇಲ್ಲೇ. ಮ್ಯಾನ್ಯುಯಲ್ ಅಂತ ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಬೇರೆ ಬೇರೆ ಜಾತಿಗಳಿವೆ, ಹೊರಗಿನಿಂದ ನೋಡಿದರೆ ಎಲ್ಲವೂ ಒಂದು ಬೋಲ್ಟು, ಒಂದು ಲಾಕ್ ನಟ್ಟು.

1969ರಲ್ಲಿ ಬಂದ ಹೋಂಡಾ ಸಿಬಿ750 ತಗೊಳ್ಳಿ. 736 ಸಿಸಿ, ನಾಲ್ಕು ಸಿಲಿಂಡರ್, ಹೆಡ್‌ನಲ್ಲಿ ಒಂದೇ ಕ್ಯಾಮ್. ಅದರ ಟೆನ್ಷನರ್ ಒಳಗೆ ಸ್ಪ್ರಿಂಗ್ ಇದೆ, ಅದು ರಾಡನ್ನು ತಳ್ಳುತ್ತದೆ. ಹೊರಗೆ ಕಾಣುವ ಬೋಲ್ಟ್ ಚೈನನ್ನು ತಳ್ಳುವುದೇ ಇಲ್ಲ, ರಾಡನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ ಅಷ್ಟೆ. ಹೊಂದಿಸಬೇಕಾದರೆ ಲಾಕ್ ನಟ್ ಬಿಡಿಸಿ, ಬೋಲ್ಟ್ ಸಡಿಲಿಸಬೇಕು. ಸ್ಪ್ರಿಂಗ್ ತನಗೆ ಬೇಕಾದಷ್ಟು ತಳ್ಳಿಕೊಳ್ಳುತ್ತದೆ. ಮತ್ತೆ ಬೋಲ್ಟ್ ಬಿಗಿದು ಲಾಕ್ ಮಾಡಿದರೆ ಆಯ್ತು. ಎಷ್ಟು ಬಿಗಿ ಅನ್ನುವುದನ್ನು ಸ್ಪ್ರಿಂಗ್ ನಿರ್ಧರಿಸುತ್ತದೆ, ಅಲ್ಲೇ ಇರು ಅನ್ನುವುದನ್ನು ಬೋಲ್ಟ್ ಹೇಳುತ್ತದೆ.

ಇದು ಗೊತ್ತಿಲ್ಲದವರು "ಚೈನ್ ಸದ್ದು ಮಾಡ್ತಿದೆ, ಸ್ವಲ್ಪ ಟೈಟ್ ಮಾಡೋಣ" ಅಂತ ಅದೇ ಬೋಲ್ಟನ್ನು ಇನ್ನಷ್ಟು ಒಳಕ್ಕೆ ತಿರುಗಿಸುತ್ತಾರೆ. ಚೈನ್ ಒಂದು ಕೂದಲೆಳೆಯೂ ಬಿಗಿಯಾಗುವುದಿಲ್ಲ. ರಾಡಿನ ಮೇಲೆ ಗುಳಿ ಬೀಳುತ್ತದೆ. ಆಮೇಲೆ ತಿಳಿದವರು ಬಂದು ಸರಿಯಾಗಿ ಹೊಂದಿಸಲು ಹೋದರೂ ಬೋಲ್ಟಿನ ತುದಿ ಮತ್ತೆ ಅದೇ ಗುಳಿಗೆ ಜಾರಿ ರಾಡನ್ನು ಹಳೇ ಜಾಗಕ್ಕೆ ಎಳೆದುಬಿಡುತ್ತದೆ. ಇಲ್ಲಿ ಗೆಳೆಯನೊಬ್ಬ ಕೊಂಡ ಸಿಬಿ750ಯಲ್ಲಿ ಇದನ್ನೇ ನೋಡಿದ್ದು. ಟೆನ್ಷನರ್ ಹೊರಗೆ ತೆಗೆದು ರಾಡ್ ಒರೆಸಿ ಬೆಳಕಿಗೆ ಹಿಡಿದರೆ, ಸಾಲಾಗಿ ಇರಬೇಕಿದ್ದ ಸಣ್ಣ ಗುರುತುಗಳ ಬದಲು ಒಂದೇ ಜಾಗದಲ್ಲಿ ಒಂದು ಆಳದ ಗುಳಿ. ಸಾಲದ್ದಕ್ಕೆ ಹಳೇ ಆಯಿಲ್ ಅಂಟಿನಂತೆ ಗಟ್ಟಿಯಾಗಿ ರಾಡ್ ಜರುಗುತ್ತಲೂ ಇರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಗುಳಿಯ ಅಂಚನ್ನು ಸಣ್ಣ ಅರದಿಂದ ಉಜ್ಜಿ ಸಮ ಮಾಡಿದ ಮೇಲೆ ಸ್ಪ್ರಿಂಗ್ ಕೆಲಸ ಮಾಡಿತು.

ಇನ್ನೊಂದು ಮುಖ್ಯ ಸಂಗತಿ, ಹೊಂದಿಸುವಾಗ ಕ್ರ್ಯಾಂಕ್ ಎಲ್ಲಿ ನಿಂತಿದೆ ಅನ್ನುವುದು. ಯಾವುದೋ ವಾಲ್ವ್ ಅರ್ಧ ಮುಚ್ಚಿಕೊಳ್ಳುತ್ತಿರುವ ಜಾಗದಲ್ಲಿ ನಿಂತರೆ ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ತಳ್ಳಿ ಸಡಿಲವೆಲ್ಲ ಮುಂದಿನ ಎಳೆಗೆ ಹೋಗಿರುತ್ತದೆ. ಹಿಂದೆ ಬಿಗಿ ಇದೆ ಅಂತ ಟೆನ್ಷನರ್ ಮೋಸ ಹೋಗುತ್ತದೆ. ಅದಕ್ಕೇ ಸಿಬಿ750ಗೆ ಒಂದನೇ ಸಿಲಿಂಡರಿನ ಪಿಸ್ಟನ್ ಕಂಪ್ರೆಷನ್‌ನ ಮೇಲಿನ ತುದಿ ದಾಟಿ ಸುಮಾರು 15 ಡಿಗ್ರಿ, ಎರಡು ಸಿಲಿಂಡರಿನ ಸಿಬಿ350ಗೆ ಎಡ ಸಿಲಿಂಡರಿನ ಪಿಸ್ಟನ್ ಅದೇ ತುದಿ ದಾಟಿ 90 ಡಿಗ್ರಿ, ಹೀಗೆ ಒಂದೊಂದಕ್ಕೆ ಒಂದೊಂದು ಜಾಗ ಹೇಳಿರುತ್ತಾರೆ. ಸುಮ್ನೆ ಎಲ್ಲೋ ನಿಲ್ಲಿಸಿ ಬೋಲ್ಟ್ ಸಡಿಲಿಸಿ ಬಿಗಿದರೆ ಹೊಂದಿಸಿದ ಹಾಗಲ್ಲ.

ನನ್ನ ಎಕ್ಸ್‌ಎಸ್650ಯದು ಬೇರೆ ಜಾತಿ. ಇದರಲ್ಲಿ ಗಟ್ಟಿ ಸ್ಪ್ರಿಂಗ್. ಬೋಲ್ಟನ್ನು ಒಳಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಒತ್ತಿಕೊಂಡು ಚೈನ್ ನಿಜವಾಗಿಯೂ ಬಿಗಿಯಾಗುತ್ತದೆ. ಹೋಂಡಾದ ಬೋಲ್ಟಿಗೆ ಪೂರ್ತಿ ಉಲ್ಟಾ. ಎರಡೂ ಗಾಡಿ ಇರುವವರು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ತಂದರೆ ಕೆಲಸ ಕೆಟ್ಟಿತು.

ಆದರೆ ಇದರ ಸೊಗಸು ಏನೆಂದರೆ ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಎರಡು ಸಿಲಿಂಡರಿನ ನಡುವೆ ಹಿಂಬದಿಗೆ ಒಂದು ದೊಡ್ಡ ಟೋಪಿಯಂಥ ನಟ್ ಇದೆ. ಅದನ್ನು ಬಿಚ್ಚಿದರೆ ಹೊಂದಿಸುವ ಬೋಲ್ಟ್, ಅದರ ನಡುವಿನ ತೂತಿನಲ್ಲಿ ಟೆನ್ಷನರ್‌ನ ಪುಶ್ ರಾಡಿನ ತುದಿ ಕಾಣುತ್ತದೆ. ಪ್ಲಗ್ ಎರಡೂ ಬಿಚ್ಚಿ, ಎಡಗಡೆಯ ಆಲ್ಟರ್ನೇಟರ್ ನಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಬೇಕು. ಆ ಕಡೆಯಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ತಿರುಗಿಸುತ್ತಿದ್ದರೆ ಆ ರಾಡ್ ತುದಿ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಬರುತ್ತದೆ, ಮತ್ತೆ ಒಳಕ್ಕೆ. ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ತಳ್ಳುವುದು, ಬಿಡುವುದು, ಎಲ್ಲ ಆ ಸಣ್ಣ ತುದಿಯಲ್ಲಿ ಕಾಣಿಸುತ್ತದೆ. ರಾಡ್ ಅತಿ ಹೆಚ್ಚು ಒಳಗೆ ಹೋದ ಜಾಗ ಅಂದರೆ ಸಡಿಲವೆಲ್ಲ ಹಿಂದಿನ ಎಳೆಗೆ ಬಂದ ಜಾಗ. ಅಲ್ಲಿ ನಿಲ್ಲಿಸಿ, ರಾಡ್ ತುದಿಯೂ ಬೋಲ್ಟ್ ತುದಿಯೂ ಸಮ ಆಗುವಂತೆ ಹೊಂದಿಸಿ ಲಾಕ್ ಮಾಡಬೇಕು. ಬೆರಳು ಸವರಿದರೆ ಏಣು ಸಿಗಬಾರದು. ಎಷ್ಟು ತಿರುಗಿಸಿದರೂ ರಾಡ್ ಅಲ್ಲಾಡುತ್ತಲೇ ಇಲ್ಲ ಅಂದರೆ ಯಾರೋ ಮಿತಿಮೀರಿ ಬಿಗಿದಿದ್ದಾರೆ ಅಂತ ಅರ್ಥ.

ಹೊಸದಾಗಿ ಮಾಡುವವರು ಒಂದು ನೆನಪಿಡಿ. ಟೆನ್ಷನರ್ ಬಿಚ್ಚಿಟ್ಟಿರುವಾಗ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಬೇಡಿ, ಸೆಲ್ಫ್ ಒತ್ತಲೇಬೇಡಿ. ಚೈನ್ ಕೆಳಗಿನ ಸ್ಪ್ರಾಕೆಟ್‌ನಲ್ಲಿ ಹಲ್ಲು ಹಾರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಎಲ್ಲ ಜೋಡಿಸಿದ ಮೇಲೂ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಸ್ಟಾರ್ಟ್ ಮಾಡಿ.

ಮೂರನೇ ಜಾತಿ, ಈಗ ಎಲ್ಲರೂ ಕೊಂಡು ಹಾಕುವುದು. ಬರೀ ಬೋಲ್ಟ್. ಸ್ಪ್ರಿಂಗ್ ಇಲ್ಲ, ನೋಡಲು ಕಿಂಡಿ ಇಲ್ಲ. ನೀವು ತಿರುಗಿಸಿದಷ್ಟು ನೇರವಾಗಿ ಗೈಡಿನ ಬೆನ್ನಿಗೆ ಒತ್ತುತ್ತದೆ. ಇದು ಬಂದಿದ್ದು ರೇಸಿನ ಕಡೆಯಿಂದ, ಮತ್ತು ಅಲ್ಲಿ ಅದಕ್ಕೆ ಗಟ್ಟಿ ಕಾರಣ ಇತ್ತು. 1972ರ ಕಾವಾಸಾಕಿ ಜೆಡ್1, 903 ಸಿಸಿ, ಡ್ರ್ಯಾಗ್ ರೇಸಿನವರ ಅಚ್ಚುಮೆಚ್ಚಿನ ಎಂಜಿನ್. ಆ ಕುಟುಂಬದ ಮುಂದಿನ ಗಾಡಿಗಳಿಗೆ 70ರ ದಶಕದ ಕೊನೆಯ ಹೊತ್ತಿಗೆ ಬೆಣೆ ಇಟ್ಟು ತಡೆಯುವ ಆಟೋಮ್ಯಾಟಿಕ್ ಬಂತು. ರೇಸಿನವರು ದೊಡ್ಡ ಕ್ಯಾಮ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕಿ ಎಂಜಿನನ್ನು ವಿಪರೀತ ರೇಸ್ ಮಾಡುವಾಗ, ಹಿಂದಕ್ಕೆ ನೂಕುವ ಬಲವೂ ವಿಪರೀತವಾಗುತ್ತದೆ. ಆ ಬಲಕ್ಕೆ ಆಟೋಮ್ಯಾಟಿಕ್ ಸೋಲುತ್ತದೆ. ಬೋಲ್ಟ್ ಸೋಲುವುದಿಲ್ಲ. ಆದರೆ ರೇಸಿನವರು ಎಂಜಿನನ್ನು ಪದೇ ಪದೇ ಬಿಚ್ಚುತ್ತಾರೆ, ಪ್ರತಿ ಸಲ ಚೈನ್ ನೋಡುತ್ತಾರೆ. ಭಾನುವಾರ ಒಂದು ಸುತ್ತು ಹೋಗಿ ಬರುವ ನಮ್ಮ ಗಾಡಿಗೆ ಆ ಬೋಲ್ಟ್ ಹಾಕಿದವರು ಅಷ್ಟು ಸಲ ಬಿಚ್ಚುತ್ತಾರಾ?

ನನ್ನ ತಕರಾರಿನ ತಿರುಳು ಇಲ್ಲಿದೆ. ಸಡಿಲ ಚೈನ್ ಕೂಗಿ ಹೇಳುತ್ತದೆ. ಗರಗರ ಅನ್ನುತ್ತದೆ, ಎಕ್ಸಲರೇಟರ್ ಬಿಟ್ಟಾಗ ಜಾಸ್ತಿಯಾಗುತ್ತದೆ, ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನು ಸಿಲಿಂಡರಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಎಲ್ಲಿಂದ ಅಂತಲೂ ಗೊತ್ತಾಗುತ್ತದೆ. ಬಿಗಿ ಜಾಸ್ತಿಯಾದ ಚೈನ್ ಏನೂ ಹೇಳುವುದಿಲ್ಲ. ಎಂಜಿನ್ ಸದ್ದು ಇನ್ನೂ ಚೆನ್ನಾಗಿದೆ ಅನ್ನಿಸುತ್ತದೆ. ಒಳಗೆ ಗೈಡಿನ ರಬ್ಬರು, ಪ್ಲಾಸ್ಟಿಕ್ಕು ತೇಯುತ್ತಾ ಇರುತ್ತದೆ, ಸ್ಪ್ರಾಕೆಟ್ ಹಲ್ಲು ಚೂಪಾಗುತ್ತದೆ, ಕ್ಯಾಮ್ ಕೂತಿರುವ ಜಾಗದ ಮೇಲೆ ಸುಮ್ಮಸುಮ್ಮನೆ ಭಾರ ಬೀಳುತ್ತದೆ. ನಾನು ನೋಡಿದ ಒಂದು ಎಂಜಿನ್‌ನಲ್ಲಿ ಗೈಡಿನ ಮೇಲೆ ಚೈನಿನ ಎರಡು ಅಂಚುಗಳು ಕೊರೆದ ಕಾಲುವೆ ಲೋಹದವರೆಗೂ ಇಳಿದಿತ್ತು, ತೇದುಹೋದ ಕಪ್ಪು ಚೂರುಗಳು ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದವು. ಮಾರಿದವನು ಹೇಳಿದ್ದ ಮಾತು, "ಎಂಜಿನ್ ಎಷ್ಟು ಸೈಲೆಂಟ್ ಇದೆ ಕೇಳಿ."

ಬಿಸಿಯ ಲೆಕ್ಕವೂ ಇದೆ. ಸಿಲಿಂಡರು, ಹೆಡ್ಡು ಅಲ್ಯೂಮಿನಿಯಂ, ಚೈನ್ ಉಕ್ಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಕ್ರ್ಯಾಂಕಿನಿಂದ ಕ್ಯಾಮ್‌ಗೆ 250 ಮಿಲಿಮೀಟರ್ ದೂರ ಅಂದುಕೊಳ್ಳಿ, ಎಂಜಿನ್ 80 ಡಿಗ್ರಿ ಬಿಸಿಯಾಯಿತು ಅಂದುಕೊಳ್ಳಿ, ಆ ದೂರ ಚೈನಿಗಿಂತ ಸುಮಾರು 0.2 ಮಿಲಿಮೀಟರ್ ಜಾಸ್ತಿ ಬೆಳೆಯುತ್ತದೆ. ಅಂದರೆ ತಣ್ಣಗಿದ್ದಾಗ ಸರಿಯಾಗಿದ್ದ ಚೈನ್ ಬಿಸಿಯಾದಾಗ ತಾನಾಗಿ ಬಿಗಿಯಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಸದ್ದು, ಬಿಸಿಯಾದ ಮೇಲೆ ಸುಮ್ಮನಾದರೆ ಅದು ಆರೋಗ್ಯವಾಗಿದೆ ಅಂತಲೇ ಲೆಕ್ಕ. ತಣ್ಣಗಿರುವಾಗಲೇ ಒಂಚೂರೂ ಸದ್ದು ಬರಬಾರದು ಅಂತ ಬೋಲ್ಟ್ ಒತ್ತಿದವನು ಬಿಸಿ ಎಂಜಿನ್‌ಗೆ ಏನು ಮಾಡುತ್ತಿದ್ದಾನೆ ಅಂತ ಯೋಚಿಸಬೇಕು. ಬರೀ ಬೋಲ್ಟಿನದ್ದೇ ಹಾಕುವುದಾದರೆ ಸರಿಯಾದ ಜಾಗದಲ್ಲಿ ಕ್ರ್ಯಾಂಕ್ ನಿಲ್ಲಿಸಿ, ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ತಿರುಗಿಸಿ, ತಾಗಿದ್ದು ಗೊತ್ತಾದ ಮೇಲೆ ಸ್ವಲ್ಪ ಹಿಂದಕ್ಕೆ ಬಿಟ್ಟು ಲಾಕ್ ಮಾಡಿ. ಸದ್ದು ಕೇಳಿಕೊಂಡು ಹೊಂದಿಸಬೇಡಿ.

ಹಾಗಂತ ಆಟೋಮ್ಯಾಟಿಕ್ ಎಲ್ಲ ಸಾಚಾ ಅಂತಲೂ ನಾನು ಹೇಳಲ್ಲ. ಹಲ್ಲಿನ ಥರದ್ದು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೋಗುವವರೆಗೆ ಸಡಿಲವೇ ಇರುತ್ತದೆ, ಕೆಲವೊಮ್ಮೆ ಚೈನ್ ಜೋರಾಗಿ ಕುಣಿದಾಗ ಒಂದು ಹಲ್ಲು ಜಾಸ್ತಿ ಮುಂದೆ ಹೋಗಿ ಕೂತರೆ ಹಿಂದಕ್ಕೆ ಬರುವುದಿಲ್ಲ. ಸ್ಪ್ರಿಂಗ್ ಸೋತರೆ, ರಾಡ್ ಹಿಡಿದುಕೊಂಡರೆ ಹೊರಗಿನಿಂದ ತಿಳಿಯುವುದಿಲ್ಲ.

ಆದರೆ ಎಷ್ಟೋ ಸಲ ಕೆಟ್ಟಿದೆ ಅನ್ನುವ ಆಟೋಮ್ಯಾಟಿಕ್ ಕೆಟ್ಟಿರುವುದೇ ಇಲ್ಲ. ಸುಝುಕಿ ಜಿಎಸ್750, ಜಿಎಸ್1000 ಇದಕ್ಕೆ ಒಳ್ಳೇ ಉದಾಹರಣೆ. 1976ರಿಂದ ಬಂದ ಈ ಜಿಎಸ್ ಗಾಡಿಗಳ ಟೆನ್ಷನರ್ ಪಕ್ಕದಲ್ಲಿ ತಿರುಗುವ ಒಂದು ಗುಂಡಿ (ನಾಬ್) ಇದೆ, ಸುರುಳಿ ಸ್ಪ್ರಿಂಗ್ ಅದನ್ನು ತಿರುಗಿಸುತ್ತದೆ, ಅದರ ತುದಿಯ ಬೆಣೆ ಪ್ಲಂಜರ್, ಅಂದರೆ ಚೈನ್ ಕಡೆಗೆ ತಳ್ಳುವ ರಾಡು, ಹಿಂದಕ್ಕೆ ಬರದಂತೆ ತಡೆಯುತ್ತದೆ. ಬಹಳ ಚೆನ್ನಾಗಿ ಯೋಚಿಸಿ ಮಾಡಿದ ಸಾಮಾನು. ಇನ್ನೊಂದು ಪಕ್ಕದಲ್ಲಿ ಸಣ್ಣ ಸ್ಕ್ರೂ, ಲಾಕ್ ನಟ್. ಕೂರಿಸುವಾಗ ಪ್ಲಂಜರನ್ನು ಒಳಗೆ ಒತ್ತಿ ಈ ಸ್ಕ್ರೂ ಬಿಗಿದು ಹಿಡಿಯಬೇಕು, ಕೂರಿಸಿದ ಮೇಲೆ ಕಾಲು ಸುತ್ತು ಸಡಿಲಿಸಿ ಲಾಕ್ ಮಾಡಬೇಕು. ಎಷ್ಟೋ ಗಾಡಿಗಳಲ್ಲಿ ಯಾರೋ ಆ ಸ್ಕ್ರೂವನ್ನು ಪೂರ್ತಿ ಬಿಗಿದೇ ಬಿಟ್ಟಿರುತ್ತಾರೆ. ಆಟೋಮ್ಯಾಟಿಕ್ ಕೈಕಟ್ಟಿ ಕೂತಿರುತ್ತದೆ, ಚೈನ್ ಸದ್ದು ಮಾಡುತ್ತದೆ, ಹೊಸ ಮಾಲೀಕ "ಇದರ ಆಟೋಮ್ಯಾಟಿಕ್ ಸರಿ ಇಲ್ಲ" ಅಂತ ಬೋಲ್ಟಿನದ್ದು ಆರ್ಡರ್ ಮಾಡುತ್ತಾನೆ. ಕಾಲು ಸುತ್ತಿನ ಕೆಲಸ ಅದು.

ಸಿಡಿ100 ವಿಷಯಕ್ಕೆ ಬಂದರೆ, 97.2 ಸಿಸಿಯ ಆ ಮಲಗಿದ ಎಂಜಿನ್‌ನಲ್ಲಿ ಟೆನ್ಷನರ್ ಎಡಗಡೆ ತಳದಲ್ಲಿದೆ. 14ರ ಸ್ಪ್ಯಾನರ್‌ನಲ್ಲಿ ಬೋಲ್ಟ್ ಬಿಚ್ಚಿದರೆ ಸ್ವಲ್ಪ ಆಯಿಲ್ ಸುರಿದು, ಸ್ಪ್ರಿಂಗ್ ಜಾರಿ ಬರುತ್ತದೆ, ಹಿಂದೆಯೇ ರಾಡ್. ರಾಡಿನ ತಲೆಯಲ್ಲಿ ರಬ್ಬರ್. ಆಯಿಲ್ ಒಳಗೆ ತುಂಬಿಕೊಂಡು ರಾಡ್ ಥಟ್ಟನೆ ಹಿಂದಕ್ಕೆ ಬರದಂತೆ ತಡೆಯುತ್ತದೆ. ಇಷ್ಟು ಸರಳವಾಗಿ ಇಷ್ಟು ವರ್ಷ ಬಾಳುವ ಸಾಮಾನು ಕಮ್ಮಿ. ಸದ್ದು ಬಂದರೆ ನಮ್ಮಲ್ಲಿ ಕೆಲವರು ಆ ಸ್ಪ್ರಿಂಗನ್ನೇ ಎಳೆದು ಉದ್ದ ಮಾಡಿ, ಇಲ್ಲಾ ಕೆಳಗೆ ಒಂದು ವಾಷರ್ ಇಟ್ಟು ಮತ್ತೆ ಹಾಕುತ್ತಾರೆ. ಸದ್ದು ನಿಲ್ಲುತ್ತದೆ. ಓಹಾಯೋದ ಬೋಲ್ಟಿನ ಕೆಲಸವೂ, ಮೈಸೂರಿನ ವಾಷರಿನ ಕೆಲಸವೂ ಒಂದೇ. ಅಪ್ಪನ ಗಾಡಿಯಲ್ಲಿ ರಬ್ಬರ್ ತಲೆ ಕಲ್ಲಿನಂತೆ ಗಟ್ಟಿಯಾಗಿ ನಡುವೆ ಗುಂಡಿ ಬಿದ್ದಿತ್ತು. ರಾಡು, ಚೈನು, ರೋಲರ್‌ಗಳು ಎಲ್ಲ ಸೆಟ್ ಆಗಿ ಸಿಗುತ್ತವೆ. ಎಲ್ಲ ಹೊಸದು ಹಾಕಿದೆವು.

ಚೈನ್ ಸವೆದಿದ್ದರೆ ಚೈನನ್ನೇ ಬದಲಾಯಿಸಬೇಕು ಅನ್ನುವುದನ್ನು ಬೋಲ್ಟ್ ಮರೆಸಿಬಿಡುತ್ತದೆ. ಆಟೋಮ್ಯಾಟಿಕ್‌ಗೆ ಒಂದು ಕೊನೆ ಇದೆ, ರಾಡ್ ಪೂರ್ತಿ ಹೊರಗೆ ಬಂದ ಮೇಲೆ ಮುಂದೆ ಹೋಗಲಾರದು, ಚೈನ್ ಮುಗಿಯಿತು ಅಂತ ಅರ್ಥ. ಉದ್ದನೆ ಬೋಲ್ಟ್‌ಗೆ ಆ ಕೊನೆ ಇಲ್ಲ. ಉದ್ದವಾದ ಚೈನಿನಿಂದ ಕ್ಯಾಮ್ ಹಿಂದೆ ಬಿದ್ದು ವಾಲ್ವ್ ಟೈಮಿಂಗ್ ತಡವಾಗಿರುತ್ತದೆ, ಹಿಂದಿನಿಂದ ಎಷ್ಟೇ ಒತ್ತಿದರೂ ಮುಂದಿನ ಎಳೆ ಗಿಡ್ಡ ಆಗುವುದಿಲ್ಲ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು 70ರ ದಶಕದ ಹೋಂಡಾದ್ದು. ಸ್ಪ್ರಿಂಗ್ ಅಳೆಯುತ್ತದೆ, ಕೈ ಲಾಕ್ ಮಾಡುತ್ತದೆ. ಟ್ಯಾಪೆಟ್ ಹೊಂದಿಸುವಾಗ ಜೊತೆಗೇ ಇದನ್ನೂ ಮಾಡಿದರೆ ಆಯ್ತು. ರೇಸಿಗೆ ಅಲ್ಲದ ಗಾಡಿಗೆ ಬರೀ ಬೋಲ್ಟಿನದ್ದನ್ನು ನಾನು ಹಾಕುವುದಿಲ್ಲ, ಕಂಪನಿ ಕೊಟ್ಟಿದ್ದನ್ನೇ ಬಿಚ್ಚಿ, ತೊಳೆದು, ಸ್ಪ್ರಿಂಗ್ ನೋಡಿ, ಜರುಗುತ್ತದಾ ನೋಡಿ ಮತ್ತೆ ಕೂರಿಸುತ್ತೇನೆ. ಗಾಡಿಯನ್ನು ಏರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸುವುದೂ ಇಲ್ಲ, ಹಿಂದಕ್ಕೆ ಉರುಳಿದರೆ ಕ್ರ್ಯಾಂಕ್ ಉಲ್ಟಾ ತಿರುಗಿ ಭಾರವೆಲ್ಲ ಟೆನ್ಷನರ್ ಮೇಲೆ ಬೀಳುತ್ತದೆ.

ಎಕ್ಸ್‌ಎಸ್650ಗೆ ಈ ಚಳಿಗಾಲ ಹೊಸ ಚೈನು, ಮುಂದಿನ ಉದ್ದನೆ ಗೈಡು ಹಾಕಬೇಕು. ಆ ಗೈಡಿನ ರಬ್ಬರು ಲೋಹದಿಂದ ಬಿಟ್ಟುಕೊಂಡು ಚೂರಾಗಿ ಕೆಳಗೆ ಬೀಳುವುದು ಈ ಗಾಡಿಗಳ ಹಳೇ ರೋಗ, ಕಳೆದ ಸಲ ಆಯಿಲ್ ಬದಲಾಯಿಸುವಾಗ ಜಾಲರಿಯಲ್ಲಿ ಒಂದೆರಡು ಕಪ್ಪು ಚೂರು ಸಿಕ್ಕಿವೆ. ಸದ್ದೇನೂ ಬಂದಿಲ್ಲ. ಆದರೂ ಬಿಚ್ಚುತ್ತೇನೆ.